ನೀರಿಗೆ ಇಳಿಯುವ ಸ್ಲಿಂಗ್: ತುಮಕೂರಿನ ನಮ್ಮ ಹೊಲಿಗೆ ಘಟಕದಲ್ಲಿ ಅದನ್ನು ಮಾಡಿದ ಬಗೆ

ಹೆಲಿಕಾಪ್ಟರ್‌ನಿಂದ ಮನುಷ್ಯರನ್ನು ಎತ್ತುವ ಸ್ಲಿಂಗ್, ಅಂದರೆ ಕಂಕುಳ ಕೆಳಗೆ ಸುತ್ತಿಬರುವ ಪಟ್ಟಿ, ಗಟ್ಟಿಯಾಗಿರಬೇಕು ಅಂತ ಯಾರಿಗಾದರೂ ಗೊತ್ತು. ಆದರೆ ಗಟ್ಟಿತನ ಇದರಲ್ಲಿ ಸುಲಭದ ಕೆಲಸ. ಪಟ್ಟಿ ಎಷ್ಟು ಕಿಲೋ ತಡೆಯುತ್ತದೆ ಅಂತ ಮಾಡಿದವರೇ ಕೊಟ್ಟಿರುತ್ತಾರೆ. ಹೊಲಿಗೆಯನ್ನು ಕಿತ್ತುಬರುವ ತನಕ ಎಳೆದು ನೋಡುವ ಯಂತ್ರಗಳಿವೆ. ಕಷ್ಟ ಶುರುವಾಗುವುದು ನೀರಿನಿಂದ. ನೀರಲ್ಲಿ ಇರುವವರ ಕೈ ಮರಗಟ್ಟಿರುತ್ತದೆ. ಮುಖಕ್ಕೆ ನೀರು ಹೊಡೆಯುತ್ತಿರುತ್ತದೆ. ರೆಕ್ಕೆಯ ಸದ್ದಿಗೆ ಯಾರ ಮಾತೂ ಕೇಳಿಸುವುದಿಲ್ಲ. ಅಂಥವರ ಕೈಗೆ ಸಿಕ್ಕ ಕೂಡಲೇ ಸ್ಲಿಂಗ್ ಕೆಲಸ ಮಾಡಬೇಕು, ಅವರಿಂದ ಏನನ್ನೂ ಬೇಡಬಾರದು. ನಾನು ಹೊಲಿದ ಸ್ಲಿಂಗ್‌ನಲ್ಲಿ ಇರುವ ಎಲ್ಲವೂ, ಇಲ್ಲದಿರುವ ಎಲ್ಲವೂ ಈ ಒಂದು ಮಾತಿನಿಂದ ಹುಟ್ಟಿದ್ದು.

ನಮ್ಮದು ತುಮಕೂರಿನಲ್ಲಿ ಸಣ್ಣ ಘಟಕ. ಲಾರಿ ಟಾರ್ಪಾಲು, ಕಟ್ಟಡ ಕೆಲಸದವರ ಸೇಫ್ಟಿ ಬೆಲ್ಟು, ಸಾಮಾನು ಬಿಗಿಯುವ ಪಟ್ಟಿ ಇವೇ ನಮ್ಮ ಅನ್ನ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆ ಆಯಿತಲ್ಲ, ಆಮೇಲೆ ನಮ್ಮ ಕಡೆ ಹೆಲಿಕಾಪ್ಟರ್ ಮಾತು ಜಾಸ್ತಿಯಾಯಿತು. ಕಾರ್ಖಾನೆಗೂ ನಮಗೂ ಏನೂ ಸಂಬಂಧ ಇಲ್ಲ. ಸಂಬಂಧ ಬಂದದ್ದು ವಾಯುಪಡೆಯಲ್ಲಿ ವಿಂಚ್ (ಹೆಲಿಕಾಪ್ಟರ್ ಬಾಗಿಲಿಂದ ಕೇಬಲ್ ಇಳಿಸಿ ಎತ್ತುವ ಯಂತ್ರ) ಕೆಲಸ ಮಾಡಿ ನಿವೃತ್ತರಾಗಿ ಊರಿಗೆ ಬಂದಿದ್ದ ಒಬ್ಬರಿಂದ. ನಮ್ಮ ಸೇಫ್ಟಿ ಬೆಲ್ಟಿನ ಹೊಲಿಗೆಯನ್ನು ಉಗುರಿನಿಂದ ಕೆರೆದು ಕೆರೆದು ನೋಡಿದರು. ಆಮೇಲೆ, ‘ಏನಮ್ಮಾ, ನೀರಿಗೆ ಇಳಿಸೋ ಸ್ಲಿಂಗ್ ಹೊಲೀತೀಯಾ? ಹಾರಿಸೋಕಲ್ಲ. ಹುಡುಗರಿಗೆ ಕಲಿಸೋಕೆ’ ಅಂದರು.

ಈ ‘ಹಾರಿಸೋಕಲ್ಲ’ ಅನ್ನುವುದು ಮುಖ್ಯ. ಹೆಲಿಕಾಪ್ಟರ್‌ಗೆ ತೂಗುಹಾಕುವ ಯಾವ ಸಾಮಾನಿಗೂ ಒಪ್ಪಿಗೆ ಬೇಕು. ಸೇನೆಯದಾದರೆ ಬೆಂಗಳೂರಿನ ಸೆಮಿಲ್ಯಾಕ್, ನಾಗರಿಕ ವಿಮಾನದ್ದಾದರೆ ಡಿಜಿಸಿಎ. ನಾವು ಮಾಡಿದ್ದು ತರಬೇತಿಗೆ ಮಾತ್ರ. ಪ್ರತಿ ಸ್ಲಿಂಗ್‌ನ ಲೇಬಲ್ ಮೇಲೆ ಹಾಗಂತಲೇ ಹೊಲಿದಿದ್ದೇವೆ. ಆದರೆ ಕಲಿಯುವ ಸಾಮಾನು ನಿಜವಾದದ್ದರ ಹಾಗೇ ನಡೆದುಕೊಳ್ಳದಿದ್ದರೆ ಕಲಿತದ್ದು ಸುಳ್ಳಾಗುತ್ತದೆ.

ಬಯಲುಸೀಮೆಯಲ್ಲಿ ಇದೆಲ್ಲ ಯಾಕೆ ಅಂತ ಕೇಳಿದವರಿದ್ದಾರೆ. ಚಿತ್ರಾವತಿ ಹುಟ್ಟುವುದು ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. 2021ರ ನವೆಂಬರ್ ಮಳೆಗೆ ಅದೇ ಹೊಳೆ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ಉಕ್ಕಿದಾಗ, ನೀರಿನ ನಡುವೆ ಸಿಕ್ಕಿಕೊಂಡಿದ್ದ 10 ಜನರನ್ನು ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಎತ್ತಿತು. ಮೂರೇ ತಿಂಗಳಿಗೆ, 2022ರ ಫೆಬ್ರುವರಿಯಲ್ಲಿ, ನಂದಿ ಬೆಟ್ಟದ ಬ್ರಹ್ಮಗಿರಿ ಬಂಡೆಗಳಲ್ಲಿ ಸುಮಾರು 300 ಅಡಿ ಜಾರಿ ಬಿದ್ದಿದ್ದ ವಿದ್ಯಾರ್ಥಿಯನ್ನೂ ಎಂಐ-17 ಮೇಲೆತ್ತಿತು. ಬರದ ಜಿಲ್ಲೆ ಅನ್ನುವ ಹೆಸರಿದ್ದರೆ ಹೊಳೆ ಉಕ್ಕುವುದಿಲ್ಲ ಅಂತೇನೂ ಇಲ್ಲ, ಅಲ್ವಾ?

ಮೊದಲು ಪಟ್ಟಿ. ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಮೂರೂ ನಮ್ಮ ಕಪಾಟಿನಲ್ಲೇ ಇದ್ದವು. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ಕೇಳಿದವರೆಲ್ಲ ಅದನ್ನೇ ಹಾಕು ಅಂದರು. ಆದರೆ ನಮ್ಮ ಬಿಸಿಲಿಗೆ ಅದು ಬೇಗ ಸತ್ತುಹೋಗುತ್ತದೆ. ಉಜ್ಜಿದ ಶಾಖಕ್ಕೂ ಬೇಗ ಕರಗುತ್ತದೆ. ನೈಲಾನ್ ಒಣಗಿದ್ದಾಗ ಚಿನ್ನ. ಒದ್ದೆಯಾದರೆ ನೀರು ಹೀರಿಕೊಂಡು ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಜಾಸ್ತಿ ಹಿಗ್ಗುತ್ತದೆ. ಪಾಲಿಯೆಸ್ಟರ್ ಮುಳುಗುತ್ತದೆ ನಿಜ, ಆದರೆ ಒದ್ದೆಯಾದರೂ ಒಣಗಿದ್ದರೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಹಾಗಾಗಿ ಭಾರ ಹೊರುವ ಕೆಲಸ ಪಾಲಿಯೆಸ್ಟರ್‌ಗೆ, ತೇಲಿಸುವ ಕೆಲಸ ಒಳಗಿನ ಫೋಮ್‌ಗೆ ಅಂತ ಪಾಲು ಮಾಡಿದೆ. ದಾರವೂ ಪಾಲಿಯೆಸ್ಟರೇ.

ಫೋಮ್ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು. ಬ್ಯಾಗಿನ ಭುಜಪಟ್ಟಿಗೆ ಹಾಕುವ ಸ್ಪಂಜು ಮೆತ್ತಗೆ ಹಿತವಾಗಿರುತ್ತದೆ, ನೀರಲ್ಲಿ ಮಾತ್ರ ಶತ್ರು. ರಂಧ್ರ ರಂಧ್ರವೂ ನೀರು ಕುಡಿಯುತ್ತದೆ. ಬೇಕಾದದ್ದು ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ ಫೋಮ್. ಅಂಗಡಿಯವರು ‘ಇದು ವಾಟರ್‌ಪ್ರೂಫ್’ ಅಂದರೆ ನಾನು ನಂಬುವುದಿಲ್ಲ. ಒಂದು ತುಂಡು ಕತ್ತರಿಸಿ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತೇನೆ. ಬಕೆಟ್ಟಿನ ನೀರಲ್ಲಿ ಕಲ್ಲು ಹೇರಿ ರಾತ್ರಿಯೆಲ್ಲ ಮುಳುಗಿಸಿಟ್ಟು, ಬೆಳಗ್ಗೆ ಒರೆಸಿ ಮತ್ತೆ ತೂಗುತ್ತೇನೆ. ತೂಕ ಏರಿದ್ದರೆ ಆ ರೋಲ್ ವಾಪಸ್.

ಅಷ್ಟು ಎಚ್ಚರ ಯಾಕೆಂದರೆ, ಒಂದು ಲೀಟರ್ ನೀರು ಒಂದು ಕಿಲೋ. ಇಂಥ ವಿಂಚ್‌ಗಳಲ್ಲಿ ಹೆಚ್ಚಿನವು ಎತ್ತುವುದು 272 ಕಿಲೋ. ಕೇಬಲ್ ಐದು ಮಿಲಿಮೀಟರ್‌ಗೂ ತುಸು ಕಮ್ಮಿ ದಪ್ಪ. ಅದರಲ್ಲಿ ರಕ್ಷಿಸುವವನು, ಸಿಕ್ಕಿಕೊಂಡವನು, ಇಬ್ಬರ ಒದ್ದೆ ಬಟ್ಟೆ, ಹುಕ್ಕು, ಸ್ಲಿಂಗ್ ಎಲ್ಲ ಬರಬೇಕು. ತಳ ಮುಚ್ಚಿದ ಒಂದು ಚೀಲ ಹೊಲಿದುಬಿಟ್ಟರೆ ಅದು ಮೇಲೇಳುವಾಗ ಇನ್ನೊಬ್ಬ ಮನುಷ್ಯನಷ್ಟು ನೀರನ್ನೂ ಹೊತ್ತು ತರುತ್ತದೆ. ಹೀಗಾಗಿ ನಮ್ಮ ಸ್ಲಿಂಗ್‌ನಲ್ಲಿ ಜೇಬಿಲ್ಲ. ಹೊದಿಕೆ ಬಟ್ಟೆಯ ಕೆಳಗಿನ ಅಂಚಿಗೆ ಸಾಲಾಗಿ ಐಲೆಟ್, ಅಂದರೆ ಬಳೆ ಕೂರಿಸಿದ ತೂತು, ಹೊಡೆದಿದ್ದೇವೆ. ಎತ್ತಿದ ಕೂಡಲೇ ನೀರು ಸುರಿದುಹೋಗುತ್ತದೆ.

ಪರೀಕ್ಷೆಗೆ ಕೊರಟಗೆರೆ ಕಡೆ ನಮ್ಮ ನೆಂಟರ ತೋಟದ ಕೃಷಿಹೊಂಡ ಸಿಕ್ಕಿತು. ದಡದಲ್ಲಿ ಈಜು ಬಲ್ಲ ಹುಡುಗರು, ಎಲ್ಲರಿಗೂ ಲೈಫ್ ಜಾಕೆಟ್, ನಾಲ್ಕು ಕಡೆ ಹಗ್ಗ. ಎತ್ತಿ ನೋಡುವುದಕ್ಕೆ ಬಾಡಿಗೆ ಹೈಡ್ರಾ ಕ್ರೇನ್, ಅದಕ್ಕೆ ಮರಳು ತುಂಬಿದ ಬೊಂಬೆ. ಮನುಷ್ಯರನ್ನು ಹೈಡ್ರಾದಿಂದ ಎತ್ತಬಾರದು, ನಾವು ಎತ್ತಲೂ ಇಲ್ಲ. ಮನುಷ್ಯರು ಮಾಡಿದ್ದು ನೀರಲ್ಲಿ ತೇಲುತ್ತಾ ಸ್ಲಿಂಗ್ ಹಾಕಿಕೊಳ್ಳುವುದು ಅಷ್ಟೇ.

ಹುಡುಗರೆಲ್ಲ ಚಡ್ಡಿ ಟೀ ಶರ್ಟಲ್ಲಿ ಇಳಿದರು. ಎಲ್ಲ ಸಲೀಸು. ನನಗೆ ಸಮಾಧಾನ ಆಗಲಿಲ್ಲ. ಹೊಳೆ ಬಂದಾಗ ಮನೆ ಮೇಲೆ ನಿಂತಿರುವ ಹೆಂಗಸು ಟೀ ಶರ್ಟ್ ಹಾಕಿರುತ್ತಾಳಾ? ನಾನು ಉಟ್ಟ ಸೀರೆಯಲ್ಲೇ, ಮೇಲೆ ಜಾಕೆಟ್ ಬಿಗಿದುಕೊಂಡು ಇಳಿದೆ. ಮೊದಲು ಸೀರೆ ಗಾಳಿ ತುಂಬಿಕೊಂಡು ಸುತ್ತ ಉಬ್ಬಿತು. ಆಮೇಲೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡಿತು. ಸ್ಲಿಂಗ್ ಒಳಗೆ ಒಂದು ಕೈ, ತಲೆ, ಇನ್ನೊಂದು ಕೈ ತೂರಿಸಿದೆ. ಸೆರಗು ಮಡಿಕೆ ಮಡಿಕೆಯಾಗಿ ಕಂಕುಳ ಕೆಳಗೆ ಸಿಕ್ಕಿತು. ದಡದಿಂದ ಹಗ್ಗ ಎಳೆದಾಗ ಸ್ಲಿಂಗ್ ಸೆರಗಿನ ಮೇಲೆ ನುಣ್ಣಗೆ ಜಾರಿ ಭುಜದ ಕಡೆ ಏರಿತು. ಬೊಂಬೆಗೂ ಸೀರೆ ಉಡಿಸಿ ಹೈಡ್ರಾದಿಂದ ಎತ್ತಿಸಿದೆವು. ಅಲ್ಲೂ ಅದೇ ಕಥೆ. ಪಂಚೆ, ಲುಂಗಿಯಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಬಟ್ಟೆ ಸೊಂಟದ ಕೆಳಗೆ ಇರುತ್ತದೆ. ಸೆರಗು ಮಾತ್ರ ಸರಿಯಾಗಿ ಸ್ಲಿಂಗ್ ಕೂರುವ ಜಾಗದಲ್ಲೇ ಇರುತ್ತದೆ.

ಇದಕ್ಕೆ ಎರಡು ಕೆಲಸ ಮಾಡಿದೆ. ಮೈಗೆ ತಾಗುವ ಬದಿಗೆ ರಬ್ಬರ್ ಚುಕ್ಕೆಗಳಿರುವ ಒರಟು ಬಟ್ಟೆ ಹೊಲಿದೆ. ಎದೆ ಮುಂದೆ ಹುಕ್ಕಿನ ಕಡೆ ಏರುವ ಎರಡು ಪಟ್ಟಿಗಳನ್ನೂ ಒಟ್ಟಿಗೆ ಹಿಡಿಯುವ ಒಂದು ಜಾರುಗುಂಡಿ ಹಾಕಿದೆ. ಅದನ್ನು ಎದೆಗೆ ಒತ್ತುವಷ್ಟು ಕೆಳಕ್ಕೆ ತಳ್ಳಿದರೆ ಸ್ಲಿಂಗ್ ಬಿಗಿಯಾಗುತ್ತದೆ. ಇಂಥ ಜಾರುಗುಂಡಿ ನನ್ನ ಕಂಡುಹಿಡಿತ ಅಲ್ಲ, ಹೊರದೇಶದ ಸ್ಲಿಂಗ್‌ಗಳಲ್ಲಿ ಮುಂಚಿನಿಂದಲೂ ಇದೆ. ನಾನು ಮಾಡಿದ್ದು ಅದರ ಗಾತ್ರ ದೊಡ್ಡದು ಮಾಡಿದ್ದು, ಗ್ಲೌಸ್ ಹಾಕಿದ ಮುಷ್ಟಿಗೆ ಸಿಗುವಷ್ಟು.

ಬಕಲ್ ಯಾಕಿಲ್ಲ ಅಂತ ಬಂದವರೆಲ್ಲ ಕೇಳುತ್ತಾರೆ. ಕಾರಣ ಅವರ ಕೈಯಿಂದಲೇ ತೋರಿಸುತ್ತೇನೆ. ಐಸ್ ಹಾಕಿದ ನೀರಲ್ಲಿ ಕೈ ಇಟ್ಟುಕೊಂಡು ಕೂರಿ, ನೋವು ಹೋಗಿ ಮರಗಟ್ಟಿದ ಮೇಲೆ ಸ್ಕೂಲ್ ಬ್ಯಾಗಿನ ಬಕಲ್ ಹಾಕಿ ಅನ್ನುತ್ತೇನೆ. ಎದುರಿಂದ ಅಡಿಕೆ ತೋಟದ ಪವರ್ ಸ್ಪ್ರೇಯರ್‌ನಿಂದ ಬರೀ ನೀರನ್ನು ಮುಖಕ್ಕೆ ಬಿಡುತ್ತೇವೆ. ಕಣ್ಣು ತೆರೆಯಲು ಆಗುವುದಿಲ್ಲ, ಬೆರಳಿಗೆ ಗೂಟ ಎಲ್ಲಿ ತೂತು ಎಲ್ಲಿ ತಿಳಿಯುವುದಿಲ್ಲ. ಅದಕ್ಕೇ ಸಿಕ್ಕಿಕೊಂಡವರ ಪಾಲಿಗೆ ಬರೀ ಒಂದು ಬಳೆ. ತಲೆ ಕೈ ತೂರಿಸಿದರೆ ಮುಗಿಯಿತು. ಬಿಗಿಯುವ ಕೆಲಸ ರಕ್ಷಿಸುವವನದು. ಒಳಬದಿ ಹಳದಿ, ಹೊರಬದಿ ಕೇಸರಿ. ಕೈ ಕೆಳಗಿಟ್ಟಿರುವ ಮನುಷ್ಯನ ಚಿತ್ರ ಒಂದನ್ನು ಮುಂದೆ ಹೊಲಿದಿದ್ದೇವೆ. ಸ್ಲಿಂಗ್‌ನಲ್ಲಿರುವವರು ಕೈ ಮೇಲೆತ್ತಿದರೆ ಜಾರಿ ಬೀಳುತ್ತಾರೆ. ಭಯ ಬಿದ್ದವರು ಮಾಡುವುದೂ ಅದನ್ನೇ, ಮೇಲಿನ ಕೇಬಲ್ ಹಿಡಿಯಲು ಕೈ ಚಾಚುತ್ತಾರೆ.

ಗಾಳಿಯ ಲೆಕ್ಕ ನನಗೆ ಮಗ ಹೇಳಿಕೊಟ್ಟ. ಧ್ರುವ್ ಹೆಲಿಕಾಪ್ಟರ್ ಪೂರ್ತಿ ಭಾರದಲ್ಲಿ 5,500 ಕಿಲೋ. ರೆಕ್ಕೆಗಳ ವ್ಯಾಸ 13.2 ಮೀಟರ್. ಅಷ್ಟು ತೂಕವನ್ನು ಒಂದೇ ಕಡೆ ನಿಲ್ಲಿಸಿಕೊಳ್ಳಲು ಅದು ಕೆಳಕ್ಕೆ ತಳ್ಳುವ ಗಾಳಿಯ ವೇಗ ಗಂಟೆಗೆ 90 ಕಿ.ಮೀ. ದಾಟುತ್ತದೆ. ಆ ಗಾಳಿಗೆ ಹಗುರವಾದ ಖಾಲಿ ಸ್ಲಿಂಗ್ ಗಾಳಿಪಟದ ಹಾಗೆ ಎದ್ದು ಬಾಲದ ರೆಕ್ಕೆಯ ಕಡೆ ಹೋಗಬಹುದು. ಪಟ್ಟಿಯ ಬಿಡಿ ತುದಿಗಳು ಕಣ್ಣಿಗೆ ಹೊಡೆಯುತ್ತವೆ. ನಮ್ಮ ಸ್ಲಿಂಗ್‌ನಲ್ಲಿ ಬಿಡಿ ತುದಿ ಒಂದೂ ಇಲ್ಲ. ಎಲ್ಲ ಒಳಕ್ಕೆ ಮಡಚಿ ಹೊಲಿದದ್ದು. ಮಲಗಿಸಿ ಎತ್ತುವ ಸ್ಟ್ರೆಚರ್ ಆದರೆ ಗಾಳಿಗೆ ಗಿರಗಿರ ಸುತ್ತುತ್ತದೆ. 2019ರ ಜೂನ್‌ನಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಬೆಟ್ಟದಿಂದ ಎತ್ತುವಾಗ ಹಿರಿಯ ಹೆಂಗಸೊಬ್ಬರಿಗೆ ಹಾಗೇ ಆಯಿತು. ಸುತ್ತದಂತೆ ಕೆಳಗಿನಿಂದ ಒಂದು ಹಗ್ಗ ಹಿಡಿದಿರುತ್ತಾರೆ. ಆ ಹಗ್ಗ ಎಲ್ಲಾದರೂ ಸಿಕ್ಕಿಕೊಂಡರೆ ಕೂಡಲೇ ತುಂಡಾಗುವಂಥ ಒಂದು ದುರ್ಬಲ ಕೊಂಡಿ ಅದಕ್ಕೆ ಇರಲೇಬೇಕು. ಇಷ್ಟು ವರ್ಷ ಕಿತ್ತುಬರದ ಹಾಗೆ ಹೊಲಿದವಳು ನಾನು. ಹೇಳಿದ ಭಾರಕ್ಕೆ ಸರಿಯಾಗಿ ಕಿತ್ತುಬರುವ ಹೊಲಿಗೆ ಹಾಕಲು ಹೊಸದಾಗಿ ಲೆಕ್ಕ ಕಲಿಯಬೇಕಾಯಿತು.

ಹುಕ್ಕಿಗೆ ಸಿಗುವ ರಿಂಗ್ ಬಗ್ಗೆ ಆ ನಿವೃತ್ತರು ಬಹಳ ಕಟ್ಟುನಿಟ್ಟು. ಒಂದೇ ರಿಂಗ್, ಹುಕ್ಕಿನಲ್ಲಿ ಸಲೀಸಾಗಿ ಆಡಬೇಕು. ಅಳತೆ ಹೊಂದದಿದ್ದರೆ ಸಡಿಲಾದಾಗ ರಿಂಗ್ ತಿರುಚಿ ಹುಕ್ಕಿನ ಬಾಗಿಲ ಮೇಲೆ ಹತ್ತಿ, ಭಾರ ಬಿದ್ದಾಗ ಅದನ್ನು ತೆರೆದುಕೊಂಡು ಹೊರಬರುತ್ತದೆ. ಇನ್ನೊಂದು ಮಾತನ್ನೂ ಅವರು ಪ್ರತಿ ತರಬೇತಿಯಲ್ಲಿ ಹೇಳುತ್ತಾರೆ: ‘ಹುಕ್ಕು ಮೊದಲು ನೀರಿಗೆ ಮುಟ್ಟಲಿ, ಆಮೇಲೆ ನೀವು ಮುಟ್ಟಿ.’ ಹಾರುವ ಹೆಲಿಕಾಪ್ಟರ್ ಮೈಯಲ್ಲಿ ವಿದ್ಯುತ್ ಕೂಡಿಕೊಂಡಿರುತ್ತದೆ. ಮೊದಲು ಕೈ ಹಾಕಿದವರಿಗೆ ಶಾಕ್ ಹೊಡೆಯುತ್ತದೆ.

ತುಂಬ ಹೊತ್ತು ನೀರಲ್ಲಿದ್ದವರನ್ನು ನೆಟ್ಟಗೆ ತೂಗುಹಾಕಿ ಎತ್ತಬಾರದು. ನೀರು ಕಾಲುಗಳನ್ನು ಸುತ್ತಲಿಂದ ಒತ್ತಿ ಹಿಡಿದಿರುತ್ತದೆ. ಹೊರಗೆ ಬಂದ ಕೂಡಲೇ ಆ ಒತ್ತಡ ಹೋಗಿ ರಕ್ತ ಕಾಲಿಗಿಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಜೀವ ಹೋದದ್ದೂ ಉಂಟು. ಅದಕ್ಕೆ ಎರಡನೇ ಸ್ಲಿಂಗ್ ಮಂಡಿಯ ಕೆಳಗೆ ಬರಬೇಕು, ಮನುಷ್ಯ ಕುರ್ಚಿಯಲ್ಲಿ ಒರಗಿದಂತೆ ಮೇಲೇಳಬೇಕು. ಒದ್ದೆ ಸೀರೆಯಲ್ಲಿ ಮಂಡಿ ಹುಡುಕುವುದು ಕಷ್ಟ. ಕೆಳಗಿನ ಸ್ಲಿಂಗ್‌ಗೆ ಫೋಮ್ ಹಾಕಲಿಲ್ಲ, ಮುಳುಗಲಿ ಅಂತಲೇ. ಮುಳುಗಿದರೆ ರಕ್ಷಿಸುವವನು ಅದನ್ನು ಕಾಲಿನ ಕೆಳಗಿನಿಂದ ಮೇಲಕ್ಕೆ ಎಳೆದುಕೊಳ್ಳಬಹುದು.

ಈಗ ಮಾಡುತ್ತಿರುವುದು ಮಗುವಿನ ಚೀಲ. ಸೊಂಟದ ಮೇಲೆ ಕೂಸು ಇದ್ದರೆ ತಾಯಿ ಅದನ್ನು ಕೆಳಗೆ ಬಿಟ್ಟು ಮೇಲೆ ಬರುವುದಿಲ್ಲ. ಬಾ ಅನ್ನುವ ಹಕ್ಕೂ ನಮಗಿಲ್ಲ. ಆದರೆ ಕೂಸು ಎತ್ತಿಕೊಂಡರೆ ಒಂದು ಕೈ ಕೆಳಗಿಡಲು ಆಗುವುದಿಲ್ಲ. ತಾಯಿಯ ಎದೆಗೆ ಮುಖಮಾಡಿ ಕೂಸು ಕೂರುವಂತೆ, ತಳಕ್ಕೆ ಬಲೆ ಹಾಕಿ, ಸ್ಲಿಂಗ್‌ನ ರಿಂಗಿಗೇ ಸಿಗುವಂತೆ ಹೊಲಿದು ನೋಡುತ್ತಿದ್ದೇನೆ. ಸದ್ಯಕ್ಕೆ ಅದನ್ನು ಹಾಕುವುದಕ್ಕೆ ಇಬ್ಬರ ಕೈ ಬೇಕು. ಒಬ್ಬನ ಕೈಯಲ್ಲಿ ಆಗುವ ತನಕ ಕೊಡುವುದಿಲ್ಲ.

ಈ ಕೆಲಸದಿಂದಲೇ ಇನ್ನೊಂದು ಹುಟ್ಟಿತು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿ ಬಿದ್ದವರಿಗೆ ದಡ ಎರಡೇ ಅಡಿ ದೂರ ಇದ್ದರೂ ಹತ್ತಲು ಆಗುವುದಿಲ್ಲ. ಪಾಚಿ ಕಟ್ಟಿದ ಹಾಳೆ ಮೇಲೆ ಕಾಲು ನಿಲ್ಲುವುದಿಲ್ಲ, ಉಳಿಸಲು ಇಳಿದವರೂ ಸಾಯುತ್ತಾರೆ. ಆ ಹೊಂಡಕ್ಕೆ ನಾನೇ ಇಳಿದು ನೋಡಿದ್ದೇನೆ, ಹಗ್ಗ ಇಲ್ಲದಿದ್ದರೆ ಹತ್ತುತ್ತಿರಲಿಲ್ಲ. ಅದಕ್ಕೇ ತರಬೇತಿ ಸ್ಲಿಂಗ್‌ನದೇ ಫೋಮ್, ಅದೇ ಕೇಸರಿ ಬಟ್ಟೆಯಲ್ಲಿ ತೇಲುವ ಬಳೆ ಹೊಲಿದು, ಹೊಂಡದ ಅಗಲಕ್ಕೆ ಸಾಲುವಷ್ಟು ಹಗ್ಗ ಕಟ್ಟಿ ಕೊಡುತ್ತಿದ್ದೇವೆ. ಹಗ್ಗದ ಇನ್ನೊಂದು ತುದಿಯನ್ನು ಬೇಲಿಯ ಕಲ್ಲುಕಂಬಕ್ಕೆ ಮೊದಲೇ ಕಟ್ಟಿಡಬೇಕು. ಬಿದ್ದದ್ದು ಕಂಡ ಹತ್ತು ವರ್ಷದ ಹುಡುಗಿಯೂ ದಡದಲ್ಲೇ ನಿಂತು ಎಸೆಯಬಹುದು. ಬಿಸಿಲಿಗೆ ಬಣ್ಣ ಮಾಸಿದರೆ ತಂದುಕೊಡಿ, ಬದಲಾಯಿಸಿ ಕೊಡುತ್ತೇವೆ. ಹಳೆಯದನ್ನು ಅಲ್ಲೇ ನಿಮ್ಮ ಮುಂದೆ ಕತ್ತರಿಸಿ ಹಾಕುತ್ತೇವೆ.