ಎಟ್ನಾ ರೊಸ್ಸೊ ಬಾಟಲಿ ತೆರೆಯುವ ಮುನ್ನ

ನೆರೆಲ್ಲೊ ಮಸ್ಕಲೇಸೆ ಸಿಸಿಲಿ ದ್ವೀಪದ ಎಟ್ನಾ ಜ್ವಾಲಾಮುಖಿಯ ಇಳಿಜಾರಿನಲ್ಲಿ ಬೆಳೆಯುವ ದ್ರಾಕ್ಷಿ. ಅದರ ಕೆಂಪು ವೈನಿನ ಬಾಟಲಿ ಕೊಳ್ಳುವಾಗ ನಾನು ಮೊದಲು ಹುಡುಕುವುದು ‘ಎಟ್ನಾ ರೊಸ್ಸೊ’ (ಎಟ್ನಾದ ಕೆಂಪು) ಎಂಬ ಬರಹವನ್ನು. 1968ರಲ್ಲಿ ಮಾನ್ಯತೆ ಪಡೆದ ಈ ಹೆಸರಿನ ವೈನಿನಲ್ಲಿ ಕನಿಷ್ಠ ಶೇ. 80ರಷ್ಟು ಇದೇ ದ್ರಾಕ್ಷಿ ಇರಬೇಕು. ಜೊತೆಗೆ ‘ಕೊಂತ್ರಾದಾ’, ಅಂದರೆ ದ್ರಾಕ್ಷಿ ಬೆಳೆದ ನಿರ್ದಿಷ್ಟ ಜಾಗದ ಹೆಸರಿದ್ದರೆ ಇನ್ನೂ ಒಳ್ಳೆಯದು. ಯಾವ ಮಗ್ಗುಲಿನ ಹಣ್ಣು ಎಂದು ತಿಳಿಯುತ್ತದೆ.

ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. 16 ಡಿಗ್ರಿ ಸೆಲ್ಸಿಯಸ್ ಸಾಕು. ಬೆಚ್ಚಗಾದರೆ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ. ಅಗಲ ಹೊಟ್ಟೆಯ ಗಾಜಿನ ಲೋಟಕ್ಕೆ ಮೂರನೆಯ ಒಂದು ಭಾಗ ಮಾತ್ರ ಸುರಿದು, ಬಿಳಿ ಬಟ್ಟೆಯ ಮೇಲೆ ವಾಲಿಸಿ ನೋಡಿ. ನಡುವೆ ತಿಳಿಗೆಂಪು, ಮಾಗಿದ ವೈನಾದರೆ ಅಂಚಿನಲ್ಲಿ ಇಟ್ಟಿಗೆಯ ಛಾಯೆ. ಅದನ್ನು ಕಂಡು ನೀರುನೀರಾಗಿದೆ ಎನ್ನಬೇಡಿ, ದಯವಿಟ್ಟು! ಈ ತಳಿಗೆ ಬಣ್ಣ ಕಡಿಮೆ. ಹುಳಿ, ಒಗರು ಎರಡೂ ಹೆಚ್ಚು. ಹಣ್ಣಾಗುವುದೇ ತಡ, ಕೊಯ್ಲು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ. ಎತ್ತರದ ತಂಪು ರಾತ್ರಿಗಳು ಆ ಹುಳಿಯನ್ನು ಕಾಪಾಡುತ್ತವೆ.

ಲೋಟ ತಿರುಗಿಸಿ ಮೂಸಿ: ಹುಳಿ ಚೆರ್ರಿ, ಒಣಗಿದ ಸೊಪ್ಪು, ಒಮ್ಮೊಮ್ಮೆ ಹೊಗೆ. ಎಳೆಯ ವೈನಿನ ಒಗರು ನಾಲಿಗೆ ಹಿಡಿದರೆ ಇನ್ನೊಂದು ಗಂಟೆ ಗಾಳಿಯಾಡಲು ಬಿಡಿ. ಜೊತೆಗೆ ಬದನೆಕಾಯಿ, ಟೊಮೆಟೊ, ಉಪ್ಪು ರಿಕೊಟ್ಟಾ ಚೀಸ್ ಬೆರೆತ, ಸಿಸಿಲಿಯ ಕತಾನಿಯಾ ನಗರದ ‘ಪಾಸ್ತಾ ಅಲ್ಲಾ ನೋರ್ಮಾ’ ಬಡಿಸಿ.