ಅಂಗಾಂಶ ಕೃಷಿಯ ಮೀಡಿಯಾ: ಸ್ಟಾಕ್ ದ್ರಾವಣದಲ್ಲಿ ಎಡವದಿರಿ

ಹಾಸನದ ಆಲೂಗಡ್ಡೆ ಬೆಳೆಗಾರರು ಬಿತ್ತನೆ ಗೆಡ್ಡೆಗಾಗಿ ಇಂದಿಗೂ ದೂರದ ಪಂಜಾಬಿನ ಜಲಂಧರವನ್ನು ನೆಚ್ಚಿಕೊಂಡಿದ್ದಾರೆ. ರೋಗವಿಲ್ಲದ ಸಸಿಗಳನ್ನು ಇಲ್ಲಿಯೇ ಬೆಳೆಸಬೇಕೆಂಬ ಆಸೆಯಿಂದ, ಗಿಡದ ಸಣ್ಣ ತುಣುಕನ್ನು ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡುವ ಅಂಗಾಂಶ ಕೃಷಿ ಕಲಿಯಲು ಬಂದ ಹಲವರಿಗೆ ನಾನು ಪಾಠ ಹೇಳಿದ್ದೇನೆ. ಶುದ್ಧ ಗಾಳಿ ಹಾಯಿಸುವ ಲ್ಯಾಮಿನಾರ್ ಪೆಟ್ಟಿಗೆಯ ಮುಂದೆ ಕುಳಿತು ಗೆಣ್ಣು ಕತ್ತರಿಸುವುದನ್ನು ಅವರು ವಾರದಲ್ಲಿ ಕಲಿಯುತ್ತಾರೆ. ಆದರೆ ಮೀಡಿಯಾ, ಅಂದರೆ ಆ ತುಣುಕು ಬೆಳೆಯುವ ಪೋಷಕ ದ್ರವ್ಯದ ತಯಾರಿಕೆಯಲ್ಲಿ, ಅದರಲ್ಲೂ ಸ್ಟಾಕ್ ದ್ರಾವಣ (ಮುಂದೆ ನೀರು ಬೆರೆಸಿ ಬಳಸಲು ಮಾಡಿಟ್ಟುಕೊಳ್ಳುವ ಸಾಂದ್ರ ದ್ರಾವಣ) ಮಾಡುವಾಗ, ಮತ್ತೆ ಮತ್ತೆ ಎಡವುತ್ತಾರೆ.

ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ತಂಬಾಕಿನ ಅಂಗಾಂಶಕ್ಕೆಂದು ರೂಪಿಸಿದ ಎಂ.ಎಸ್. ಮೀಡಿಯಾ ಆಲೂಗಡ್ಡೆಗೂ ಬಾಳೆಗೂ ಸಾಕಾಗುತ್ತದೆ. ಕೊಳವೆಬಾವಿಯ ನೀರನ್ನು ಯಾವ ಹಂತದಲ್ಲೂ ಬಳಸಬೇಡಿ, ಡಿಸ್ಟಿಲ್ಡ್ ನೀರೇ ಬೇಕು.

ಮೊದಲು ಪ್ರಧಾನ ಲವಣಗಳ 20 ಪಟ್ಟು ಸಾಂದ್ರತೆಯ ಸ್ಟಾಕ್ ಮಾಡಿಕೊಳ್ಳಿ. ಒಂದು ಲೀಟರಿಗೆ ಅಮೋನಿಯಂ ನೈಟ್ರೇಟ್ 33 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 38 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 7.4 ಗ್ರಾಂ ಮತ್ತು ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 3.4 ಗ್ರಾಂ ಬೇಕು. ಒಂದು ಪೂರ್ತಿ ಕರಗಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಕ್ಯಾಲ್ಸಿಯಂ ಕ್ಲೋರೈಡನ್ನು ಮಾತ್ರ ಈ ಬಾಟಲಿಗೆ ಸೇರಿಸಲೇಬೇಡಿ. ಸಾಂದ್ರ ದ್ರಾವಣದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟಿನೊಡನೆಯೂ ಸಲ್ಫೇಟಿನೊಡನೆಯೂ ಕೂಡಿ ಬಿಳಿ ಗಸಿಯಾಗಿ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಬಳಸಿದವರು ಗಿಡಕ್ಕೆ ಸೇರಬೇಕಾದ ಪೋಷಕಾಂಶವನ್ನೇ ಬಾಟಲಿಯ ತಳದಲ್ಲಿ ಬಿಟ್ಟಂತೆ. ಕ್ಯಾಲ್ಸಿಯಂ ಕ್ಲೋರೈಡಿಗೆ 8.8 ಗ್ರಾಂ ಲೆಕ್ಕದಲ್ಲಿ ಪ್ರತ್ಯೇಕ ಲೀಟರ್ ಸ್ಟಾಕ್ ಇರಲಿ.

ಇಲ್ಲಿ ಇನ್ನೊಂದು ಗುಂಡಿಯಿದೆ. 8.8 ಗ್ರಾಂ ಎಂಬುದು ಎರಡು ಅಣು ನೀರಿರುವ ಕ್ಯಾಲ್ಸಿಯಂ ಕ್ಲೋರೈಡಿನ ಲೆಕ್ಕ. ಡಬ್ಬಿಯ ಮೇಲೆ ನಿರ್ಜಲ ಎಂಬರ್ಥದ 'ಅನ್‌ಹೈಡ್ರಸ್' ಎಂದಿದ್ದರೆ ಸುಮಾರು 6.6 ಗ್ರಾಂ ಸಾಕು. ಮೆಗ್ನೀಸಿಯಂ ಸಲ್ಫೇಟಿನಲ್ಲಿ ಈ ವ್ಯತ್ಯಾಸ ಇಮ್ಮಡಿಗೂ ಮಿಗಿಲು: 7.4 ಗ್ರಾಂ ಏಳು ಅಣು ನೀರಿರುವ ಪುಡಿಯ ತೂಕ, ನಿರ್ಜಲ ಪುಡಿಯಾದರೆ 3.6 ಗ್ರಾಂ. ಆದ್ದರಿಂದ ತಕ್ಕಡಿಗೆ ಮುನ್ನ ಲೇಬಲ್ ಓದಿ. ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ತೆರೆದಿಟ್ಟ ಲವಣ ತೇವ ಹೀರಿ ಗಟ್ಟಿಯಾಗುತ್ತದೆ. ಅಂಥದ್ದನ್ನು ತೂಗಿದರೆ ನೀರನ್ನೂ ಸೇರಿಸಿ ತೂಗಿದಂತಾಗುತ್ತದೆ. ಸಿದ್ಧ ಎಂ.ಎಸ್. ಪುಡಿಯ ಪೊಟ್ಟಣ ಕೊಳ್ಳುವವರೂ ಒಮ್ಮೆಗೆ ಮುಗಿಯುವ ಸಣ್ಣ ಪೊಟ್ಟಣವನ್ನೇ ಕೊಳ್ಳಬೇಕು. ಗಂಟುಗಟ್ಟಿದ ಪುಡಿಯನ್ನು ಎಸೆಯುವುದೇ ಲೇಸು.

ಕಬ್ಬಿಣದ ಸ್ಟಾಕನ್ನು 200 ಪಟ್ಟು ಮಾಡಿ. ಫೆರಸ್ ಸಲ್ಫೇಟ್ 5.56 ಗ್ರಾಂ ಮತ್ತು ಡೈಸೋಡಿಯಂ ಇಡಿಟಿಎ 7.46 ಗ್ರಾಂಗಳನ್ನು ಬೇರೆ ಬೇರೆ ಬಿಸಿ ನೀರಿನಲ್ಲಿ ಕರಗಿಸಿ, ಮೊದಲನೆಯದನ್ನು ಎರಡನೆಯದಕ್ಕೆ ಕಲಕುತ್ತಾ ಸುರಿದು, ಲೀಟರಿಗೆ ತುಂಬಿಸಿ ಕಂದು ಬಾಟಲಿಯಲ್ಲಿಡಿ. ಸೂಕ್ಷ್ಮ ಲವಣಗಳ 200 ಪಟ್ಟು ಸ್ಟಾಕಿಗೆ ತಾಮ್ರದ ಸಲ್ಫೇಟ್ ಮತ್ತು ಕೋಬಾಲ್ಟ್ ಕ್ಲೋರೈಡ್ ತಲಾ 5 ಮಿಲಿಗ್ರಾಂ ಮಾತ್ರ ಬೇಕಾಗುತ್ತವೆ. ಅಷ್ಟನ್ನು ತೂಗುವ ಸಾಹಸ ಬೇಡ. ಒಂದೊಂದನ್ನೂ ಬೇರೆಯಾಗಿ 50 ಮಿಲಿಗ್ರಾಂ ತೂಗಿ 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಅದರಿಂದ 10 ಮಿಲಿಲೀಟರ್ ತೆಗೆದುಕೊಳ್ಳಿ.

ಮೀಡಿಯಾ ಮಾಡುವ ದಿನ 500 ಮಿಲಿಲೀಟರ್ ನೀರಿಗೆ ಪ್ರಧಾನ ಲವಣ ಮತ್ತು ಕ್ಯಾಲ್ಸಿಯಂ ಸ್ಟಾಕ್ ತಲಾ 50, ಕಬ್ಬಿಣ, ಸೂಕ್ಷ್ಮ ಲವಣ ಮತ್ತು ವಿಟಮಿನ್ ಸ್ಟಾಕ್ ತಲಾ 5 ಮಿಲಿಲೀಟರ್, ಇನೋಸಿಟಾಲ್ 100 ಮಿಲಿಗ್ರಾಂ, ಸಕ್ಕರೆ 30 ಗ್ರಾಂ ಸೇರಿಸಿ. ಆಲೂಗಡ್ಡೆಯ ಗೆಣ್ಣಿಗೆ ಹಾರ್ಮೋನು ಬೇಕಿಲ್ಲ. ಬಾಳೆಗೆ ಬಿಎಪಿ ಎಂಬ ಹಾರ್ಮೋನು ಬೇಕು. ಅದು ನೀರಿನಲ್ಲಿ ನೇರವಾಗಿ ಕರಗದ ಕಾರಣ, ಮೊದಲು ಕೆಲವು ಹನಿ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ.

ಮೀಡಿಯಾವನ್ನು ಹೆಪ್ಪುಗಟ್ಟಿಸುವ ಅಗರ್ ಹಾಕುವುದಕ್ಕೆ ಮೊದಲೇ ಪಿಎಚ್ (ಆಮ್ಲೀಯತೆಯ ಅಳತೆ) 5.8ಕ್ಕೆ ತರಬೇಕು. ಪಿಎಚ್ ಕಾಗದವನ್ನು ನಂಬಬೇಡಿ. ಪಿಎಚ್ 4 ಮತ್ತು 7 ಇರುವ ಬಫರ್ ದ್ರಾವಣಗಳಲ್ಲಿ ಸರಿಪಡಿಸಿದ ಮೀಟರನ್ನೇ ಬಳಸಿ. ಪಿಎಚ್ 5ಕ್ಕಿಂತ ಕೆಳಗಿಳಿದರೆ ಅಗರ್ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ನಂತರ ಲೀಟರಿಗೆ ತುಂಬಿಸಿ, 8 ಗ್ರಾಂ ಅಗರ್ ಹಾಕಿ, ತಿಳಿಯಾಗುವವರೆಗೆ ಕಾಯಿಸಿಯೇ ಬಾಟಲಿಗಳಿಗೆ ಹಂಚಿ. ಕಾಯಿಸದೆ ಹಂಚಿದರೆ ಅಗರ್ ತಳಕ್ಕಿಳಿದು, ಒಂದು ಬಾಟಲಿ ಕಲ್ಲಾಗಿ ಇನ್ನೊಂದು ಗಂಜಿಯಾಗುತ್ತದೆ. ಅಡುಗೆಗೆಂದು ಮಾರುವ ಅಗರ್ ಅಗ್ಗವೆಂದು ತರಬೇಡಿ.

ಹಬೆಯ ಒತ್ತಡದಲ್ಲಿ ಕಾಯಿಸಿ ಸೂಕ್ಷ್ಮಾಣುಗಳನ್ನು ಕೊಲ್ಲುವ ಆಟೊಕ್ಲೇವಿನ ವಿಷಯದಲ್ಲಿ ನಮ್ಮ ಊರುಗಳ ಎತ್ತರವನ್ನು ಮರೆಯುವಂತಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿರುವುದರಿಂದ, ಮಾಪಕದ ಮುಳ್ಳು 15 ಪೌಂಡಿಗೆ ಬಂದಾಗಲೂ ಒಳಗಿನ ಶಾಖ 121 ಡಿಗ್ರಿಗಿಂತ ಒಂದೆರಡು ಡಿಗ್ರಿ ಕಡಿಮೆಯೇ ಇರುತ್ತದೆ. ಒಳಗಿನ ಗಾಳಿಯನ್ನೆಲ್ಲ ಹೊರಬಿಟ್ಟ ಮೇಲೆ, ಒತ್ತಡವನ್ನಲ್ಲ, ಶಾಖವನ್ನು ನೋಡಿ ಸಮಯ ಎಣಿಸಿ: ಸಣ್ಣ ಬಾಟಲಿಗಳಿಗೆ 121 ಡಿಗ್ರಿಯಲ್ಲಿ 20 ನಿಮಿಷ. ಹೆಚ್ಚು ಹೊತ್ತು ಬೇಯಿಸಿದರೆ ಸಕ್ಕರೆ ಕಂದುಗಟ್ಟಿ, ಪಿಎಚ್ ಇನ್ನಷ್ಟು ಇಳಿಯುತ್ತದೆ.

ತಣಿದ ಬಾಟಲಿಗಳನ್ನು ಐದು ದಿನ ಹಾಗೆಯೇ ಬಿಟ್ಟು, ಬೂಷ್ಟು ಅಥವಾ ಬ್ಯಾಕ್ಟೀರಿಯಾದ ಮಬ್ಬು ಕಾಣದವುಗಳಲ್ಲಿ ಮಾತ್ರ ಗೆಣ್ಣು ನೆಡಿ.