ಬುಷ್ ಬದಲಿಸಬೇಡಿ, ಬಿಸಿ ಎಣ್ಣೆಯಲ್ಲಿ ನೆನೆಸಿ: ಎಕ್ಸಾಸ್ಟ್ ಫ್ಯಾನ್ ರಿಪೇರಿಯಲ್ಲಿ ನನ್ನ ಅನುಭವ

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಜಾಮ್ ಆಯಿತೆಂದರೆ ನಮ್ಮ ಬಾಗಲಕೋಟೆಯಲ್ಲಿ ಎರಡೇ ಉತ್ತರ. ಬುಷ್ ಹೋಗಿದೆ, ಇಲ್ಲವೇ ಹೊಸದು ತಗೊಳ್ಳಿ. ಬುಷ್ ಅಂದರೆ ಮೋಟರಿನ ಶಾಫ್ಟ್ (ತಿರುಗುವ ದಂಡ) ಕೂರುವ ಲೋಹದ ಬಳೆ, ಅದರ ಸಣ್ಣ ರಂಧ್ರಗಳಲ್ಲಿ ಎಣ್ಣೆ ಇರುತ್ತದೆ. ನನ್ನ ಲೆಕ್ಕ ಬೇರೆ. ನಮ್ಮ ಕಡೆ ಬುಷ್ ಸವೆಯುವುದು ಕಡಿಮೆ, ಕಟ್ಟಿಕೊಳ್ಳುವುದೇ ಜಾಸ್ತಿ. ಒಗ್ಗರಣೆಯ ಜಿಡ್ಡಿಗೆ ರೊಟ್ಟಿ ಬಡಿಯುವಾಗ ಏಳುವ ಜೋಳದ ಹಿಟ್ಟು ಸೇರುತ್ತದೆ. ಅದು ಒಣಗಿ ಶಾಫ್ಟ್ ಸುತ್ತ ಅಂಟಾಗುತ್ತದೆ. ಬುಷ್‌ನ ಸಣ್ಣ ರಂಧ್ರಗಳಿಂದ ಎಣ್ಣೆ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಇದನ್ನು ಕಂಡುಕೊಂಡಿದ್ದು ನವನಗರದ ಒಂದು ಮನೆಯಲ್ಲಿ. ಅಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. 12 ಇಂಚಿನ, ನಿಮಿಷಕ್ಕೆ 1400 ಸುತ್ತಿನ ಲೋಹದ ಫ್ಯಾನ್. ಮೂರು-ನಾಲ್ಕು ತಿಂಗಳಿಗೊಮ್ಮೆ ನಿಲ್ಲುತ್ತಿತ್ತು. ಕೆಪಾಸಿಟರ್, ವೈಂಡಿಂಗ್ ಎರಡೂ ಸರಿ. ಹೊಲಿಗೆ ಮಷಿನ್ ಎಣ್ಣೆ ಬಿಟ್ಟರೆ ಒಂದು ವಾರ ತಿರುಗುತ್ತಿತ್ತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಇನ್ನೂ ಕಷ್ಟ, ಒಳಗೆ ಉಳಿದಿದ್ದ ಎಣ್ಣೆಯೂ ತೊಳೆದುಹೋಗಿ ಕಿರ್ ಅನ್ನುತ್ತಿತ್ತು. ನಡುವೆ ಮನೆಯವರು ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಅದನ್ನು ಕೆರೆದು ತೆಗೆಯುವುದೇ ಒಂದು ಕೆಲಸವಾಯಿತು.

ಪೇಟೆಯ ಹೊಸ ಬುಷ್ ಜೋಡಿಗೆ ಆಗ 60-70 ರೂಪಾಯಿ. ಶಾಫ್ಟ್‌ಗೆ ಬಿಗಿಯಾಗುತ್ತಿದ್ದವು, ತೂತು ಹಿಗ್ಗಿಸುವ ರೀಮರ್ ಆಡಿಸಲೇಬೇಕು. ಆದರೆ ರೀಮರ್ ಆಡಿಸಿದರೆ ಒಳಮೈಯ ರಂಧ್ರಗಳು ಉಜ್ಜಿ ಮುಚ್ಚುತ್ತವೆ. ಮತ್ತೆ ಅದೇ ಗೋಳು. ಕೊನೆಗೆ ಲೇತ್‌ನಲ್ಲಿ ಬುಷ್ ಕೂರುವ ಮೋಟರ್ ಕವರ್ ಕೊರೆಸಿ ಬಾಲ್ ಬೇರಿಂಗ್ ಕೂರಿಸಿದೆ. ಲೇತ್ ಕೂಲಿ, ಬೇರಿಂಗ್ ಸೇರಿ 500ರ ಹತ್ತಿರ ಹೋಯಿತು. ಫ್ಯಾನ್ ಚೆನ್ನಾಗಿಯೇ ತಿರುಗಿತು, ಆದರೆ ಸದ್ದು! "ಅಣ್ಣಾರ, ಮನಿಯೊಳಗ ಹಿಟ್ಟಿನ ಗಿರಣಿ ಇಟ್ಟಂಗ ಆಗೇತಿ, ತಗೀರಿ ಇದನ್ನ" ಅಂದರು ಆ ಮನೆಯ ಅಕ್ಕ.

ಕೊರೆಸಿದ ಕವರ್ ಬುಷ್‌ಗೆ ಆಗದ್ದರಿಂದ, ಆಮೇಲೆ ಅದೇ ಮಾಡೆಲ್‌ನ ಗುಜರಿ ಫ್ಯಾನಿನಿಂದ ಕವರ್, ಹಳೆ ಬುಷ್ ತಂದು ಶುರುಮಾಡಿದೆ. ಕ್ಲಿಪ್ ಬಿಚ್ಚಿ ಬುಷ್ ಹೊರಗೆ ತೆಗೆದು, ರಾತ್ರಿಯಿಡೀ ಪೆಟ್ರೋಲ್‌ನಲ್ಲಿ ಹಾಕಿಡಿ, ಅದೂ ಮನೆಯ ಹೊರಗೆ. ಚಿಮಣಿ ಎಣ್ಣೆ (ಸೀಮೆಎಣ್ಣೆ) ಸಿಕ್ಕರೆ ಅದೂ ಆದೀತು. ಕಪ್ಪು ಬಿಡುವುದು ನಿಲ್ಲುವವರೆಗೆ ಪೆಟ್ರೋಲ್ ಬದಲಿಸಿ. ಬಿಸಿಲಿಗೆ ಇಟ್ಟು ವಾಸನೆ ಪೂರ್ತಿ ಹೋದ ಮೇಲೆಯೇ ಮುಂದಿನ ಕೆಲಸ, ಇಲ್ಲದಿದ್ದರೆ ಬೆಂಕಿ ಹತ್ತೀತು. 68 ನಂಬರಿನ (ಇದು ಎಣ್ಣೆಯ ದಪ್ಪದ ನಂಬರು) ಟರ್ಬೈನ್ ಎಣ್ಣೆಯನ್ನು ಸಣ್ಣ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಕಾದ ನೀರಿನ ಪಾತೇಲಿಯಲ್ಲಿ ಇಡಿ. ಎಣ್ಣೆಯನ್ನು ನೇರ ಒಲೆಯ ಮೇಲೆ ಇಡಬೇಡಿ. ಬುಷ್ ಮುಳುಗಿಸಿದ ಕೂಡಲೇ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತಿತೆಂದು ತೆಗೆಯಬೇಡಿ, ಎಣ್ಣೆಯಲ್ಲೇ ಆರಲು ಬಿಡಿ. ಆರುವಾಗಲೇ ಅದು ಎಣ್ಣೆ ಎಳೆದುಕೊಳ್ಳುವುದು. ನಾನು ಈ ಎಣ್ಣೆಗೆ ಇನ್ನೊಂದನ್ನು ಸ್ವಲ್ಪ ಬೆರೆಸುತ್ತೇನೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು ನೋಡಿ.

ಎಲ್ಲರೂ ನಕ್ಕಿದ್ದು ಇದರ ಮುಂದಿನದಕ್ಕೆ. ಬುಷ್ ಸುತ್ತಲಿನ ಫೆಲ್ಟ್ (ಎಣ್ಣೆ ಹಿಡಿದಿಡುವ ಮೆತ್ತನೆ ಬಟ್ಟೆ) ಹಿಟ್ಟು ಹಿಡಿದು ಹಪ್ಪಳವಾಗಿರುತ್ತದೆ. ಅದರ ಜಾಗಕ್ಕೆ ನಾನು ಕುರಿ ಉಣ್ಣೆಯ ಕರಿ ಕಂಬಳಿ ಕತ್ತರಿಸಿ ತುಂಬಿದೆ. "ಫ್ಯಾನಿಗೆ ಥಂಡಿ ಹತ್ತೇತೇನೋ ತಮ್ಮಾ, ಕಂಬಳಿ ಹೊಚ್ಚಾಕ ಹತ್ತೀಯಲ್ಲ" ಅಂದರು ಪೇಟೆಯ ಹಿರಿಯ ವೈಂಡಿಂಗ್‌ನವರು. ಅನ್ನಲಿ. ಉಣ್ಣೆ ಎಣ್ಣೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬುಷ್‌ಗೆ ಬಿಡುತ್ತದೆ. ಈಗ ಸಂತೆಯಲ್ಲಿ ಸಿಗುವ ಕಂಬಳಿಯಲ್ಲಿ ಕಲಬೆರಕೆ ಜಾಸ್ತಿ. ಒಂದು ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ದಾರ.

ಜೋಡಿಸುವಾಗ ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಶಾಫ್ಟ್ ತಿರುಗಿಸುತ್ತಾ ಕವರ್‌ಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಬುಷ್ ತಾನೇ ಸರಿಯಾಗಿ ಕೂರುತ್ತದೆ. ಬಲ್ಬ್ ಮೂಲಕ ಕರೆಂಟ್ ಕೊಡುವ ಸೀರೀಸ್ ಬೋರ್ಡ್‌ನಲ್ಲಿ ನೋಡದೆ ನೇರ ಕರೆಂಟ್ ಕೊಡಬೇಡಿ.

ಆ ಫ್ಯಾನು ಈಗ ಒಂದೂವರೆ ವರ್ಷದ ಮೇಲಾಯಿತು, ನಿಂತಿಲ್ಲ. ಸಾಮಾನಿಗೆ ನನಗೆ ಬೀಳುವುದು 40 ರೂಪಾಯಿ ಒಳಗೆ, ಕೂಲಿ 250 ತಗೊಳ್ಳುತ್ತೇನೆ. ಹೊಸ ಫ್ಯಾನ್ ಅಂದರೆ 2000 ಹತ್ತಿರ ಬೇಕು, ಅಲ್ವಾ? ಕಂಬಳಿಯ ಮಾತಾಡಿದ್ದ ಹಿರಿಯರು ಈಗ ತಮಗೆ ಬಂದ ಜಾಮ್ ಫ್ಯಾನ್‌ಗಳನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಗಿರಾಕಿ ಹತ್ತಿರ ಎಷ್ಟು ತಗೊಳ್ಳುತ್ತಾರೋ, ನಾನು ಕೇಳಿಲ್ಲ.

ಸುಮ್ನೆ ಇರಲಾರದೆ ಬೇರೆಯೂ ಮಾಡಿ ನೋಡಿದೆ. ಹಿಟ್ಟು ತಡೆಯಲು ಫ್ಯಾನ್ ಮುಂದೆ ಹಳೆ ಹತ್ತಿ ಸೀರೆಯ ತುಂಡು ಕಟ್ಟಿದರೆ ಹೊಗೆಯೇ ಹೋಗಲಿಲ್ಲ. ಅಲ್ಯೂಮಿನಿಯಂ ರೆಕ್ಕೆಯ ಜಿಡ್ಡಿಗೆ ಕಾಸ್ಟಿಕ್ ಸೋಡಾ ಹಾಕಿದಾಗ ನೊರೆ ಎದ್ದು ರೆಕ್ಕೆಯನ್ನೇ ತಿಂದಿತು. ಪಾತ್ರೆ ತೊಳೆಯುವ ಸೋಪು, ಬಿಸಿನೀರು ಸಾಕು. ಇನ್ನೊಂದು ಮನೆಯಲ್ಲಿ ಫ್ಯಾನ್ ತಿರುಗಿದರೂ ಹೊಗೆ ಹೋಗುತ್ತಿರಲಿಲ್ಲ. ನೋಡಿದರೆ ಹೊರಗಿನ ಜಾಲರಿ ಪಟ್ಟಿಗಳು ಜಿಡ್ಡಿಗೆ ಅಂಟಿ ತೆರೆಯುತ್ತಲೇ ಇರಲಿಲ್ಲ. ಅದಕ್ಕೆ ಕೂಲಿಯನ್ನೂ ಕೇಳಲಿಲ್ಲ.

ಬಿಚ್ಚಿದ ಕೂಡಲೇ ಶಾಫ್ಟ್ ಮೇಲೆ ಉಗುರು ಆಡಿಸಿ ನೋಡಿ. ಗೆರೆ ತಾಗಿದರೆ ಶಾಫ್ಟೇ ಸವೆದಿದೆ ಎಂದರ್ಥ, ಈ ಉಪಾಯ ನಡೆಯುವುದಿಲ್ಲ, ಪೆಟ್ರೋಲ್ ದಂಡ.